ಹವಾಲ್ದಾರನ ತಂಬಿಗೆ

ಬಾಳಪ್ಪ ಹವಾಲ್ದಾರನ ತಂಬಿಗೆ ಬರುವ ದಿನವೆಂದರೆ ನಮ್ಮ ಓಣಿಯ ಹೆಂಗಸರಿಗೆ ಅರ್ಧ ಹಬ್ಬ. ಪರವೂರಿನವರು ಇದನ್ನು ಕೇಳಿದರೆ ಬೆಚ್ಚಿಬಿದ್ದಾರು, ನೋವು ಮನೆಗೆ ಬರುವುದೂ ಹಬ್ಬವೇ ಎಂದು. ಆದರೆ ಎಲ್ಲರ ನೋವೂ ಒಂದೇ ತರಹ ಇರುವುದಿಲ್ಲ. ಮೇಲಿನ ಓಣಿಯ ಸುಬೇದಾರರ ತಲೆನೋವು ಕುಡಿದವಳು ದಿನವಿಡೀ ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಬೇಕು. ಬಾಳಪ್ಪನದು ಹಾಗಲ್ಲ. ಸೊಂಟದಲ್ಲಿ ಬಂದು ಕೂರುತ್ತದೆ, ಅಲ್ಲಿಂದ ಬೆನ್ನಗುಂಟ ಬಲಭುಜಕ್ಕೆ ಏರುತ್ತದೆ, ಅಂಗೈಯಲ್ಲಿ ಒಂದಿಷ್ಟು ಉರಿ. ಸಣ್ಣದೇನಲ್ಲ. ಆದರೆ ಅದನ್ನು ಹೊತ್ತುಕೊಂಡೇ ರೊಟ್ಟಿ ಬಡಿಯಬಹುದು, ಕಸ ಗುಡಿಸಬಹುದು, ಸಂತೆಗೂ ಹೋಗಿ ಬರಬಹುದು. "ಬಾಳಪ್ಪನ ಪಾಳಿ ಅಂದ್ರ ಸೂಟಿ ಇದ್ದಂಗವಾ, ಮೊದಲ ಇದ್ದ ಜಾಗಾದಾಗ ಇನ್ನೊಂಚೂರು," ಎಂದು ಪಕ್ಕದ ಮನೆಯ ಸುಲೋಚನಾ ವೈನಿ ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ನಮ್ಮೂರಿನಲ್ಲಿ ಸೈನ್ಯಕ್ಕೆ ಒಬ್ಬನನ್ನಾದರೂ ಕಳಿಸದ ಮನೆ ಇಲ್ಲ. ಹೋದವರು ತಿರುಗಿ ಬರುವಾಗ ಮೈಯಲ್ಲಿ ತಂದ ನೋವನ್ನು ಊರು ಹೊರಬೇಕು, ಅದು ನೇಮ. ಮುಂಜಾನೆ ಸೈನಿಕ ತಾಮ್ರದ ತಂಬಿಗೆಯ ನೀರಿನ ಮೇಲೆ ಎರಡೂ ಅಂಗೈ ಕವುಚಿ ಕೂರುತ್ತಾನೆ. ನೀರು ಬೆಚ್ಚಗಾದ ಮೇಲೆ ಮನೆಯವರು ಅದಕ್ಕೆ ಒದ್ದೆ ಬಟ್ಟೆ ಮುಚ್ಚಿ ಅವತ್ತಿನ ಪಾಳಿಯ ಮನೆಗೆ ತರುತ್ತಾರೆ. ಅಲ್ಲಿ ಒಬ್ಬರು ಕುಡಿಯಬೇಕು. ಕುಡಿದ ಗಳಿಗೆಯಿಂದ, ಕೊಟ್ಟವರ ಮನೆಯಲ್ಲಿ ಸಂಜೆ ದೀಪ ಹಚ್ಚುವ ತನಕ, ಆ ಮೈಯ ನೋವೆಲ್ಲ ಕುಡಿದವರದು. ನಡುವೆ ಹೊಸದೇನಾದರೂ ಹುಟ್ಟಿದರೆ ಅದೂ. ಹಿಂದೊಮ್ಮೆ ಸುಬೇದಾರರು ನಡುಮಧ್ಯಾಹ್ನ ಹೊರಸಿನಿಂದ ಉರುಳಿಬಿದ್ದಾಗ, ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಗುರವ್ವ ಅಯ್ಯಯ್ಯೋ ಎಂದು ಮೊಣಕೈ ಹಿಡಿದುಕೊಂಡು ಕೂತಳು. ಸುಬೇದಾರರು ಎದ್ದು ಮೈ ಕೊಡವಿ ಚಹಾ ಕೇಳಿದರಂತೆ.

ತಂಬಿಗೆ ಖಾಲಿಯಾದ ಮೇಲೆ ಕುಡಿದ ಮನೆಯಿಂದ ಒಂದು ಬುಟ್ಟಿ ಹೊರಡಬೇಕು. ರೊಟ್ಟಿ, ಪಲ್ಯ, ಬೇಳೆ, ಎಣ್ಣೆ, ಒಂದು ದಿನದ ಗಂಜಿಗೆ ಏನು ಬೇಕೋ ಅದು. ಪಿಂಚಣಿ ಅನ್ನುವುದು ನಮ್ಮೂರಿಗೆ ದಾರಿ ತಪ್ಪಿ ಬರುವ ನೆಂಟನಿದ್ದ ಹಾಗೆ, ಬಂದರೆ ಬಂತು. ಬುಟ್ಟಿಯನ್ನು ನಂಬಿ ಒಲೆ ಹಚ್ಚುವ ಮನೆಗಳೇ ಹೆಚ್ಚು. ತಂಬಿಗೆ ಬರುತ್ತಿರುವ ತನಕ ಬುಟ್ಟಿ ಹೋಗುತ್ತಿರುತ್ತದೆ. ತಂಬಿಗೆ ನಿಂತ ದಿನ ಬುಟ್ಟಿಯೂ ನಿಲ್ಲುತ್ತದೆ.

ಕುಡಿಯುವವರು ಹೆಂಗಸರೇ. ಗಂಡಸರು ಕೆಲಸಕ್ಕೆ ಹೋಗಬೇಕಲ್ಲ. ನನ್ನ ಗಂಡ ಮದುವೆಯ ಹೊಸದರಲ್ಲಿ, ಇವತ್ತು ನಾನೇ ಕುಡಿದು ತೋರಿಸುತ್ತೇನೆ ಎಂದು ಕುಡಿದು, ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬರಲಿಲ್ಲ.

ಎರಡು ಕಟ್ಟುಗಳಿದ್ದವು. ಅಮಾವಾಸ್ಯೆಯ ದಿನ ತಂಬಿಗೆ ಹೊರಡುವಂತಿಲ್ಲ. ಆ ದಿನ ಅವರವರ ನೋವು ಅವರವರಿಗೆ, ಮೈ ಏನು ಹೇಳುತ್ತಿದೆಯೆಂದು ತಿಂಗಳಿಗೊಮ್ಮೆಯಾದರೂ ಕೇಳಬೇಕೆಂದು ಹಿರಿಯರು ಮಾಡಿಟ್ಟದ್ದು. ಇನ್ನೊಂದು, ಕುಡಿದವರು ಅವತ್ತು ಕೊಟ್ಟವರ ಮನೆಯ ಹೊಸ್ತಿಲು ದಾಟಬಾರದು. ದಾಟಿದರೆ ನೋವು ತನ್ನ ಒಡೆಯನನ್ನು ಗುರುತಿಸಿ ಹಿಂತಿರುಗಿಬಿಡುತ್ತದೆ. ಹಾಗೆ ಮಾಡಿದ ಹೆಂಗಸಿಗೆ ಊರಿನಲ್ಲಿ ಯಾರೂ ನೀರು ಕೊಡುವುದಿಲ್ಲ. ಸಂಜೆ ದೀಪ ತಡಮಾಡಿದ ಮನೆಗೂ ಅಷ್ಟೇ ಕೆಟ್ಟ ಹೆಸರು.

ಇದೆಲ್ಲ ಅಗಸಿಯ, ಅಂದರೆ ಊರಬಾಗಿಲಿನ, ಒಳಗಿನ ಮಾತು. ಅಗಸಿ ದಾಟಿದರೆ ನೀರು ಬರೀ ನೀರು. ಅದಕ್ಕೇ ನಮ್ಮೂರೊಳಗೆ ಯಾವ ಡಾಕ್ಟರೂ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಂದವಳ ಹೊಟ್ಟೆ ಸರಿಯಾಗಿಯೇ ಇದ್ದರೆ ಅವರಾದರೂ ಏನು ಮಾಡಿಯಾರು? ದವಾಖಾನೆ ಇರುವುದು ಅಗಸಿಯ ಆಚೆ, ಡಾಂಬರು ರಸ್ತೆ ಕೂಡುವಲ್ಲಿ.

ಬಾಳಪ್ಪನ ಎಡಗಾಲು ಮೊಣಕಾಲಿನ ಕೆಳಗೆ ಗಡಿಯಲ್ಲಿ ಹೋಯಿತು, ನೆಲದಲ್ಲಿ ಹುಗಿದಿಟ್ಟ ಬಾಂಬಿಗೆ. ಮೊದಮೊದಲು ಅವನ ತಂಬಿಗೆಯೆಂದರೆ ಎಲ್ಲರೂ ಹೆದರುತ್ತಿದ್ದರು. ಇಲ್ಲದ ಆ ಪಾದದ ಅಡಿ ಸುಡುತ್ತಿತ್ತು. ನಮ್ಮ ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿದ್ದು, ಉರಿ ಮಾತ್ರ ಇನ್ನೆಲ್ಲೋ, ಒಂದು ಗೇಣು ಆಚೆ. ಸಮಾಧಾನಕ್ಕೆ ತಣ್ಣೀರು ಹಾಕಿಕೊಳ್ಳೋಣವೆಂದರೆ ಯಾವುದಕ್ಕೆ ಹಾಕುವುದು? ಆಮೇಲೊಂದು ದಿನದಿಂದ ಆ ಉರಿ ನಿಂತು ಸೊಂಟನೋವು ಬರತೊಡಗಿತು. ಊರುಗೋಲಿನ ಮೇಲೆ ಭಾರ ಹಾಕಿ ನಡೆದು ನಡೆದು ನೋವು ಮೇಲೆ ಸರಿದಿದೆ ಎಂದು ನಾವೇ ಮಾತಾಡಿಕೊಂಡೆವು. ಪಾಳಿ ಹಂಚುವ ಹೆಂಗಸರ ಬುಟ್ಟಿ ಸಂಘದ ಹಿರಿಯಳು ದುಂಡವ್ವ ಆಯಿ, ತಾನೂ ಸೈನಿಕನೊಬ್ಬನ ವಿಧವೆ, ಅದನ್ನು ಕುಡಿದ ದಿನ ಕಟ್ಟೆಯ ಮೇಲೆ ನೆಟ್ಟಗೆ ಕೂತು, "ಇದಕ್ಕ ಅಂತಾರ ನೋಡ್ರಿ ಶೂರನ ನೋವು. ಒಂದ ಸವನ ಇರ್ತದ, ಚೀರಾಡೂದಿಲ್ಲ," ಎಂದಿದ್ದಳು. ನಾವೆಲ್ಲ ತಲೆಯಾಡಿಸಿದ್ದೆವು.

ಅವತ್ತು ಬಾಳಪ್ಪನ ಹೆಂಡತಿ ಕಾಶವ್ವ ತಂಬಿಗೆ ತಂದಾಗ ನಾನಿನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದೆ. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು, ಉದ್ದನೆಯ ಕೈಗಳ, ಮಾತಿಗೆ ಮೊದಲೇ ನಗುವ ಹೆಂಗಸು. ಮಕ್ಕಳಿರಲಿಲ್ಲ.

"ತಾರಕ್ಕಾರ, ಹವಾಲ್ದಾರ್ರು ಬಂದಾರ್ರಿ," ಎಂದಳು ತಂಬಿಗೆ ಎತ್ತಿ ತೋರಿಸುತ್ತ. ಅದು ಅವಳ ದಿನದ ಹಾಸ್ಯ.

"ಬರ್ರಿ ಹವಾಲ್ದಾರ್ರ," ಎಂದು ನಾನೂ ಸೆರಗು ಸರಿಮಾಡಿಕೊಂಡೆ. ಆಮೇಲೆ ಅವಳ ಮುಖ ನೋಡಿದೆ. "ಯಾಕ ಕಾಶಿ, ಮಾರಿ ಹಿಂಗ್ಯಾಕ ಬೆಳ್ಳಗಾಗೇತಿ?"

"ಆಗ್ಲಿ ಬಿಡ್ರಿ ಅಕ್ಕಾರ. ಹುಟ್ಟಿದಾಗಿಂದ ಅದ ಒಂದ ಆಸೆ ಇತ್ತು."

ತಂಬಿಗೆ ಕೈಗೆ ತೆಗೆದುಕೊಂಡೆ. ಯಾವಾಗಲೂ ಮೈಬೆಚ್ಚಗಿರುವ ನೀರು ಅವತ್ತು ಬಟ್ಟೆಯ ಮೇಲಿಂದಲೇ ಬಿಸಿಯಾಗಿತ್ತು. "ಭಾಳ ಬಿಸಿ ಐತಲ್ಲ ಇವತ್ತು?"

"ರಾತ್ರಿ ಭಾಳ ತ್ರಾಸಾತ್ರಿ," ಎಂದಳು, ಯಾರಿಗೆ ಎಂದು ಹೇಳಲಿಲ್ಲ. ಕಣ್ಣು ನನ್ನ ಮೇಲಿರಲಿಲ್ಲ, ಬಾಗಿಲ ಚೌಕಟ್ಟಿನ ಮೊಳೆಯ ಮೇಲಿತ್ತು.

"ಒಳಗ ಬಾ, ಚಾ ಕುಡದ ಹೋಗು."

"ಕೌದಿ ನೆನಿ ಹಾಕಿ ಬಂದೀನ್ರಿ. ನೀವು ಕುಡೀರಿ. ತಂಬಿಗಿ ಒಯ್ತೀನಿ."

ಕುಡಿದೆ. ನಾನು ಕೊನೆಯ ಗುಟುಕು ನುಂಗುತ್ತಿದ್ದಂತೆ ಅವಳ ಭುಜಗಳು ಕೆಳಗಿಳಿದವು. ಹೊರೆ ಇಳಿಸಿದ ಎತ್ತು ಮೈ ಸಡಿಲಿಸುವುದನ್ನು ನೋಡಿದ್ದೀರಲ್ಲ, ಹಾಗೆ. ನಸುಕಿನಲ್ಲಿ ಎದ್ದು ಬಂದ ದಣಿವು ಎಂದುಕೊಂಡೆ. ಖಾಲಿ ತಂಬಿಗೆಯನ್ನೂ ಬುಟ್ಟಿಯನ್ನೂ ಎತ್ತಿಕೊಂಡು, ಬರುವಾಗ ಬಂದದ್ದಕ್ಕಿಂತ ನೆಟ್ಟಗೆ, ಬಿರಬಿರನೆ ಹೋದಳು.

ಮುಂಜಾನೆಯೆಲ್ಲ ಹೊಟ್ಟೆ ಹಿಂಡಿದಂತಾಗುತ್ತಿತ್ತು. ಸೊಂಟನೋವು ಯಾವತ್ತಿನಂತೆ ಇತ್ತು, ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು. ನಿನ್ನೆಯ ಊಟ ಜಾಸ್ತಿಯಾಯಿತೇನೋ, ನನ್ನದೇ ಇರಬೇಕು ಎಂದು ಓಮು ಜಗಿದೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದಾಗ ಅದು ಎದ್ದು ನಿಂತಿತು. ಹೊಟ್ಟೆಯ ಬಲಕ್ಕೆ, ತೀರ ಕೆಳಗೆ, ಒಳಗಿನಿಂದ ಯಾರೋ ಬಟ್ಟೆ ಹರಿದಂತೆ. ಹಿಟ್ಟಿನ ಕೈಯಲ್ಲೇ ಒಲೆಯ ಕಟ್ಟೆ ಹಿಡಿದೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತ ಹೋದದ್ದನ್ನು ನೋಡುತ್ತಿದ್ದೆ. ತಿರುವಿಹಾಕಲು ಆಗಲಿಲ್ಲ.

ನಾನು ಮೂವರನ್ನು ಹೆತ್ತವಳು, ಒಂದನ್ನು ಮೂರನೇ ತಿಂಗಳಿಗೆ ಕಳೆದುಕೊಂಡವಳು. ಮುಟ್ಟು ನಿಂತು ವರ್ಷಗಳಾದವು. ಆ ಜಾಗವನ್ನು ನಾನು ಮರೆತೇಬಿಟ್ಟಿದ್ದೆ. ಹಳೆಯ ಮನೆಯ ಬೀಗ ಹಾಕಿದ ಕೋಣೆಯೊಳಗಿನಿಂದ ಯಾರೋ ಬಾಗಿಲು ಬಡಿದರೆ ಹೇಗಾದೀತೋ ಹಾಗಾಯಿತು. ಬಾಂಬಿಗೆ ಕಾಲು ಕೊಟ್ಟ ಗಂಡಸಿಗೆ ಎಲ್ಲಿ ಬೇಕಾದರೂ ನೋಯಬಹುದು. ಇಲ್ಲಿ ನೋಯಲಾರದು. ಅವನಿಗೆ ಈ ಜಾಗವೇ ಇಲ್ಲ.

ಊಟಕ್ಕೆಂದು ಅಂಗಡಿ ಮುಚ್ಚಿ ಬಂದ ನನ್ನ ಗಂಡ ಹೊಗೆ ಕಂಡು ಒಳಗೆ ಓಡಿಬಂದರು. "ಏನಾತು? ಹವಾಲ್ದಾರಂದು ಇವತ್ತು ಜೋರೈತೇನು? ಸೈನಿಕರ ನೋವು, ದೊಡ್ಡದ ಇರ್ತದ."

"ಇದು ಸೈನಿಕಂದಲ್ಲ."

"ಮತ್ತ ಯಾರದು?"

"ಬಸುರಿ ಹೆಂಗಸಿಂದು."

ಅವರು ನಕ್ಕರು. ನನ್ನ ಮುಖ ನೋಡಿದ ಮೇಲೆ ಆ ನಗುವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬಾಯಿ ಅರ್ಧ ತೆರೆದುಕೊಂಡೇ ನಿಂತರು. ಆ ಗಳಿಗೆಯಲ್ಲೇ ನನಗೆ ಎರಡನೆಯ ಪೆಟ್ಟು ಬಿತ್ತು, ಹೊಟ್ಟೆಯಲ್ಲಲ್ಲ, ತಲೆಯಲ್ಲಿ. ನೋವು ನನ್ನಲ್ಲಿದೆ. ಹಾಗಾದರೆ ನೀರಿನ ಮೇಲೆ ಕೈ ಕವುಚಿದ ಕಾಶವ್ವನಲ್ಲಿ ಇಲ್ಲ. ಒಳಗೆ ಏನು ಹರಿಯುತ್ತಿದೆಯೋ ಅದು ಅವಳೊಳಗೇ ಹರಿಯುತ್ತಿದೆ, ಅವಳಿಗೆ ಅದರ ಸುದ್ದಿಯೇ ಇಲ್ಲ. ಇವತ್ತು ಅಮಾವಾಸ್ಯೆಯೂ ಅಲ್ಲ.

"ಯಾರದರ ಟೆಂಪೋ ತಗೊಂಡ ಬಾಳಪ್ಪನ ಮನಿ ಮುಂದ ಬರ್ರಿ," ಎಂದೆ. "ಈಗಿಂದೀಗ."

ಗೋಡೆ ಹಿಡಿದು, ಕಟ್ಟೆ ಹಿಡಿದು, ಕಟ್ಟಿದ ಎಮ್ಮೆಯ ಬೆನ್ನು ಹಿಡಿದು ನಡೆದೆ. ಬಲಭುಜದ ತುದಿ ಬೇರೆ ಚುಚ್ಚುತ್ತಿತ್ತು. ದುಂಡವ್ವ ಆಯಿ ತನ್ನ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು.

"ಏ ತಾರಾ, ಎಲ್ಲೆ ಹೊಂಟಿ? ಇವತ್ತು ನಿನ್ನ ಪಾಳಿ ಅಲ್ಲೇನ?"

"ಬಾಳಪ್ಪನ ಮನಿಗೆ, ಆಯಿ."

"ಹುಚ್ಚ ಹಿಡದೇತೇನ ನಿನಗ? ಹೊಸ್ತಲಾ ದಾಟಿದ್ರ ಅಂವಂದು ಅಂವಗ ತಿರುಗಿ ಹೋಗ್ತದ. ಸಂಜೀತನಾ ತಡಕೊಳ್ಳಾಕ ಆಗೂದಿಲ್ಲಾ? ನಾವು ಹಸಿ ಬಾಣಂತ್ಯಾಗಿದ್ದಾಗ ಕುಡದೀವಿ!"

"ಯಾರದೈತಿ ಅವರಿಗೆ ಹೋಗ್ಲಿ ಅಂತನ ಹೊಂಟೀನಿ ಆಯಿ."

ಶೇಂಗಾದ ಮೊರ ಕೆಳಗಿಟ್ಟು ಅವಳು ಕೋಲು ಹುಡುಕುವುದರೊಳಗೆ ನಾನು ತಿರುವು ದಾಟಿದ್ದೆ.

ಬಾಳಪ್ಪ ಮುಂದಿನ ಪಡಸಾಲೆಯಲ್ಲಿ ಯಾರದೋ ಹೊರಸಿಗೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಕಂಡವನೇ ಹಗ್ಗ ಬಿಟ್ಟು ಎರಡೂ ಕೈ ಅಡ್ಡ ಹಿಡಿದ. "ಅಕ್ಕಾರ, ಒಳಗ ಬರಬ್ಯಾಡ್ರಿ. ದಯಮಾಡಿ ಬರಬ್ಯಾಡ್ರಿ." ಅವನ ಮುಖದಲ್ಲಿದ್ದದ್ದು ನೋವು ತಿರುಗಿ ಬಂದೀತೆಂಬ ಹೆದರಿಕೆಯಲ್ಲ. ಕಳ್ಳನ ಹೆದರಿಕೆ.

ಆ ಮನೆ ಮುಂಬಾಗಿಲಿಂದ ಹಿತ್ತಲಿನವರೆಗೆ ನೇರ ಕಾಣುತ್ತದೆ. ಹಿತ್ತಲಲ್ಲಿ ಕಾಶವ್ವ ನೆನೆದ ಕೌದಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಕಲ್ಲಿಗೆ ಬಡಿಯುತ್ತಿದ್ದಳು, ಒಂದೊಂದು ಪೆಟ್ಟಿಗೂ ಏನೋ ಗುನುಗುತ್ತ. ಅವಳು ಎತ್ತಿ ಬಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬಟ್ಟೆ ಇನ್ನಷ್ಟು ಹರಿಯುತ್ತಿತ್ತು. ಸುಣ್ಣದಂಥ ಮುಖ. ತುಟಿಗೂ ಕೆನ್ನೆಗೂ ಬಣ್ಣದ ವ್ಯತ್ಯಾಸವೇ ಉಳಿದಿರಲಿಲ್ಲ. ಕಾಲಿನ ಹರಡಿನ ಮೇಲೆ ಒಂದು ಕೆಂಪು ಗೆರೆ ಇಳಿದು ಸಾಬೂನಿನ ನೊರೆಯಲ್ಲಿ ಸೇರಿ ಪೇರಲ ಗಿಡದ ಬುಡಕ್ಕೆ ಹರಿಯುತ್ತಿತ್ತು. ಅವಳು ಅದನ್ನು ನೋಡಿಯೇ ಇರಲಿಲ್ಲ.

"ಅಕ್ಕಾರ! ಯಾಕ್ರಿ ಬಿಸಿಲಾಗ ಬಂದ್ರಿ?" ಎಂದು ನಕ್ಕಳು. ನಗುತ್ತಲೇ ಒಂದು ಕಡೆ ವಾಲಿ ಕಲ್ಲು ಹಿಡಿದುಕೊಂಡಳು. "ಯಾಕೋ ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ. ಬಿಸಿಲಿಗಿರಬೇಕು."

ಹೊಸ್ತಿಲ ಮುಂದೆ ನಾನು ನಿಂತೆ. ಒಳಗೆ ಕಾಲಿಟ್ಟರೆ ಇದೆಲ್ಲ ಅವಳ ಮೈಗೆ ಒಮ್ಮೆಲೇ ಹೋಗಿ ಬೀಳುತ್ತದೆ. ಬೆವರಿನಲ್ಲಿ ತೊಯ್ದು ಗೋಡೆ ಹಿಡಿದು ನಿಂತ ನನಗೆ ಅದರ ತೂಕ ಗೊತ್ತಿತ್ತು. ಅದನ್ನು ಇನ್ನೊಬ್ಬ ಹೆಂಗಸಿಗೆ, ಅದೂ ನಗುತ್ತಿರುವವಳಿಗೆ, ಕೈಯಾರೆ ಕೊಡಬೇಕು. "ಬ್ಯಾಡ್ರಿ," ಎಂದ ಬಾಳಪ್ಪ ಇನ್ನೊಮ್ಮೆ. ನಾನು ದಾಟಿದೆ.

ನನ್ನ ಮೈ ಹೂವಿನಂತೆ ಹಗುರಾಯಿತು. ಆ ಸುಖವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಿತ್ತಲಲ್ಲಿ ಕೌದಿ ಬಿದ್ದ ಸದ್ದು ಮೊದಲು ಕೇಳಿತು. ಆಮೇಲೆ ಅವಳ ಕೂಗು.

ಟೆಂಪೋದ ಹಿಂಬದಿಯಲ್ಲಿ ಖಾಲಿ ಗೋಣಿಗಳ ಮೇಲೆ ಅವಳನ್ನು ಮಲಗಿಸಿದೆವು. ಬಾಳಪ್ಪನನ್ನು ನನ್ನ ಗಂಡ ಎತ್ತಿ ಮುಂದೆ ಕೂರಿಸಿದರು. ನಾನು ಅವರ ಒಲೆಯ ಪಕ್ಕದಲ್ಲಿದ್ದ ಆ ತಂಬಿಗೆಯನ್ನೇ ತುಂಬಿ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದ ಹಿಡಿತಕ್ಕೆ ಒಂದು ಬಳೆ ಒಡೆಯಿತು.

"ಕೈ ಇಡು ಕಾಶಿ," ಎಂದೆ. "ಅಗಸಿ ಬರೂತನಾ ನಾ ಹೊರ್ತೀನಿ. ಕೈ ಇಡವ್ವಾ."

ಅವಳು ಬೇಡವೆಂದು ತಲೆಯಾಡಿಸಿದಳು. ಹಲ್ಲು ಕಚ್ಚಿದ ಬಾಯಿಂದ ಒಂದೊಂದೇ ಮಾತು ಬಂತು. "ಬ್ಯಾಡ್ರಿ... ಡಾಕ್ಟರ್ ಕೇಳ್ತಾರ... ಎಲ್ಲೆ ನೋಯ್ತದ ಅಂತ. ನಾ ಹೇಳಬೇಕಲ್ರಿ."

ಅಗಸಿಯ ಕಮಾನಿನ ನೆರಳು ನಮ್ಮ ಮೇಲೆ ಹಾದುಹೋಯಿತು. ತಂಬಿಗೆಯ ನೀರು ಕುಲುಕಿ ನನ್ನ ಸೀರೆಯ ಮೇಲೆ ಚೆಲ್ಲಿತು. ಇನ್ನು ಅದು ಯಾವುದಕ್ಕೂ ಬಾರದು. ಒಬ್ಬರ ನೋವನ್ನು ಬರೀ ನೋಡುತ್ತ ಪಕ್ಕದಲ್ಲಿ ಕೂರುವುದು ನಮ್ಮೂರಿನವರಿಗೆ ಅಭ್ಯಾಸವಿಲ್ಲ. ನನ್ನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ದವಾಖಾನೆಯ ಡಾಕ್ಟರು ಎಳೆಯ ಹೆಂಗಸು. ಕಾಶವ್ವನ ಹೊಟ್ಟೆ ಮುಟ್ಟಿ ನೋಡುತ್ತ, "ನೋವು ಯಾವಾಗ ಶುರುವಾಯ್ತು?" ಎಂದರು.

"ರಾತ್ರೀನ ಇತ್ತಂತ್ರಿ. ಜೋರಾಗಿದ್ದು ಮಧ್ಯಾಹ್ನ. ರೊಟ್ಟಿ ಬಡಿಯೂವಾಗ," ಎಂದೆ ನಾನು.

"ಅವರು ರೊಟ್ಟಿ ಮಾಡ್ತಿದ್ರಾ?"

"ಇಲ್ರಿ, ನಾನು."

"ನಾನು ಕೇಳ್ತಿರೋದು ಅವರ ನೋವು, ನಿಮ್ಮದಲ್ಲ."

ಕಾಶವ್ವ ತನ್ನ ಬೆರಳನ್ನು ಬಲಕ್ಕೆ, ತೀರ ಕೆಳಗೆ ಇಟ್ಟಳು. "ಇಲ್ಲೆ," ಎಂದಳು. ಅದೇ ಜಾಗ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಬಸಿರು ಗರ್ಭಚೀಲಕ್ಕೆ ಬಾರದೆ ನಳಿಗೆಯಲ್ಲೇ ನಿಂತು ಒಡೆದಿತ್ತು. ಒಳಗೆ ಬಹಳ ರಕ್ತ ಹೋಗಿತ್ತು. "ಇಷ್ಟಾಗುವ ತನಕ ಹೇಗೆ ಸುಮ್ಮನಿದ್ದರು?" ಎಂದು ಡಾಕ್ಟರು ಯಾರನ್ನೂ ನೋಡದೆ ಕೇಳಿ ಒಳಗೆ ಹೋದರು. ಸಂಜೆಯವರೆಗೆ ತಡೆದಿದ್ದರೆ ಕೌದಿ ಒಣಗುವ ಮುಂಚೆ ಅವಳು ಹೋಗಿರುತ್ತಿದ್ದಳು, ನಗುತ್ತಲೇ. ಆ ನೋವು ನನ್ನ ಹೊಟ್ಟೆಯಲ್ಲಿ ದೀಪ ಹಚ್ಚಲೆಂದು ಕಾಯುತ್ತ ಕೂತಿರುತ್ತಿತ್ತು. ಹಚ್ಚುವವಳೇ ಇರುತ್ತಿರಲಿಲ್ಲ.

ಹೊರಗಿನ ಬಾಕಿನ ಮೇಲೆ ಬಾಳಪ್ಪ ಊರುಗೋಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ನಾನು ಕೇಳಲಿಲ್ಲ. ಅವನೇ ಹೇಳಿದ.

"ಪಾದದ ಉರಿ ಹೋಗಿ ಎರಡು ಮಳಿಗಾಲ ಆತ್ರಿ ಅಕ್ಕಾರ. ಒಂದಿನ ಮುಂಜಾನೆ ಎದ್ದೆ, ಇರಲೇ ಇಲ್ಲ. ತಂಬಿಗಿ ಮ್ಯಾಲೆ ಕೈ ಇಟ್ಟು ಕುಂತೆ. ಹೊತ್ತು ಏರಿತು, ನೀರು ತಣ್ಣಗ. ಖುಷಿ ಆಗಬೇಕಿತ್ತು, ಅಂಜಿಕಿ ಬಂತು. ಬುಟ್ಟಿ ನಿಲ್ತದ ಅಂತ ಒಂದು. ಇನ್ನೊಂದು..." ಊರುಗೋಲಿನ ತುದಿಯಿಂದ ನೆಲ ಕೆರೆದ. "ನೋವಿರೂತನಾ ನಾ ಹವಾಲ್ದಾರ. ಓಣ್ಯಾಗ ಹೋದ್ರ ಎದ್ದು ನಿಲ್ತಾರ. ನೋವು ಹೋತು ಅಂದ್ರ? ಬರೇ ಕುಂಟ ಬಾಳ್ಯಾ. ಆಕಿ ನನ್ನ ಮಾರಿ ನೋಡಿ ಅಂದ್ಲು, ಈ ಕಡೆ ಸರೀರಿ, ನನಗ ಹೆಂಗೂ ನಡಾ ನೋಯ್ತೈತಿ, ನಾ ಕೈ ಇಡ್ತೀನಿ ಅಂತ. ಒಂದ ದಿನದ ಮಟ್ಟಿಗೆ ಅಂತ ಇತ್ರಿ."

"ಆಕೀಗೆ ನಡಾ ಯಾಕ ನೋಯ್ತಿತ್ತು ಬಾಳಪ್ಪ?"

ಅವನು ನನ್ನನ್ನು ನೋಡಿದ. ಆ ಪ್ರಶ್ನೆಯನ್ನು ಅವನು ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದ. ದಿನಾ ಅವನನ್ನು ಎತ್ತಿ ಬಚ್ಚಲಿಗೆ ಕೂರಿಸಿ, ಎತ್ತಿ ಹೊರಗೆ ತರುವವಳು ಅವಳು. ಕೆರೆಯಿಂದ ಕೊಡ ಹೊರುವವಳು, ಕಟ್ಟಿಗೆ ಒಡೆಯುವವಳು, ಕೌದಿ ಬಡಿಯುವವಳು. ಬಲಭುಜ ಅವನ ತೋಳಿನ ಭಾರ. ಅಂಗೈಯ ಉರಿ ಕೊಡಲಿಯದು. ಇದೆಲ್ಲವೂ ನನಗೆ ಮೈಯಲ್ಲಿ ಗೊತ್ತಿತ್ತು. ಎರಡು ವರ್ಷ ಪಾಳಿಯ ಮೇಲೆ ಕುಡಿದು, ಯುದ್ಧದ ನೋವು ಎಂದು ಅದಕ್ಕೆ ಕೈಮುಗಿದಿದ್ದೆ.

ಮರುದಿನ ದುಂಡವ್ವನ ಪಡಸಾಲೆಯಲ್ಲಿ ಬುಟ್ಟಿ ಸಂಘದ ಹೆಂಗಸರು ಸೇರಿದರು. ಸುದ್ದಿ ನನಗಿಂತ ಮೊದಲೇ ಅಲ್ಲಿ ತಲುಪಿತ್ತು. ಸುಲೋಚನಾ ವೈನಿಯ ದನಿ ಎಲ್ಲರಿಗಿಂತ ಮೇಲಿತ್ತು. "ಪಾಪ ಅನ್ನೂದು ಬ್ಯಾರೆ, ನೇಮ ಬ್ಯಾರೆ. ಸೈನಿಕನ ತಂಬಿಗಿ ಅಂತ ನಾವು ಕಣ್ಣಿಗೊತ್ತಿಕೊಂಡು ಕುಡದೀವಿ. ಸುಳ್ಳು ನೋವು ಕುಡಿಸ್ಯಾಳ ಆಕಿ! ಇವತ್ತು ಆಕಿ, ನಾಳೆ ಎಲ್ಲಾರ ಹೇಣ್ತೇರೂ ತಮ್ಮ ತಮ್ಮದು ತಗೊಂಡ ಬರ್ತಾರ. ಹೊರಾವ್ರ್ಯಾರು?" ಕೆಲವರು ಹೌದೆಂದರು. ತಂಬಿಗೆ ಕಸಿದುಕೊಳ್ಳಬೇಕು, ಬುಟ್ಟಿ ನಿಲ್ಲಿಸಬೇಕು.

"ಸುಳ್ಳಿತ್ತೇನ್ರಿ ವೈನಿ?" ಎಂದೆ. "ನೀವೂ ಕುಡದೀರಿ, ನಾನೂ ಕುಡದೀನಿ. ಯಾರೂ ಮಾತಾಡಬ್ಯಾಡ್ರಿ. ಎಲ್ಲೆ ನೋಯ್ತಿತ್ತು, ಅಷ್ಟ ತೋರಸ್ರಿ."

ಯಾರೂ ತೋರಿಸಬೇಕೆಂದು ತೋರಿಸಲಿಲ್ಲ. ನೆನಪು ಮಾಡಿಕೊಳ್ಳುವಾಗ ಕೈ ತಾನಾಗಿ ಹೋಗುತ್ತದಲ್ಲ, ಹಾಗೆ ಹೋಯಿತು. ಪಡಸಾಲೆ ತುಂಬ ಕೂತ ಹೆಂಗಸರ ಕೈಗಳು ಒಂದೊಂದಾಗಿ ಹಿಂದಕ್ಕೆ ಸರಿದು ಸೊಂಟದ ಮೇಲೆ ನಿಂತವು. ಸುಲೋಚನಾ ವೈನಿಯದೂ. ಕೈ ಹೋದ ಮೇಲೆ ಯಾರೂ ಅದನ್ನು ತೆಗೆಯಲಿಲ್ಲ. ಯಾಕೆಂದರೆ ಅಲ್ಲಿ ಇವತ್ತೂ ನೋಯುತ್ತಿತ್ತು. ಇವತ್ತು ಯಾರ ತಂಬಿಗೆಯನ್ನೂ ನಮ್ಮಲ್ಲಿ ಯಾರೂ ಕುಡಿದಿರಲಿಲ್ಲ. ಒಬ್ಬರ ಕೈ ಒಬ್ಬರು ನೋಡುತ್ತ ಕೂತೆವು.

ದುಂಡವ್ವ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿಕೊಂಡಳು. "ಶೂರನ ನೋವು ಅಂದಿದ್ನಲ್ಲಾ ನಾ," ಎಂದಳು ಬಹಳ ಮೆಲ್ಲಗೆ. ಎದ್ದು ಅಡಿಗೆ ಮನೆಗೆ ಹೋದಳು. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿತು. ಬುಟ್ಟಿ ತುಂಬಿಕೊಂಡು ಬಂದು ನನ್ನ ಮುಂದಿಟ್ಟಳು.

"ಆಯಿ, ಇವತ್ತು ತಂಬಿಗೀನ ಬಂದಿಲ್ಲ," ಎಂದಳು ಒಬ್ಬಳು.

"ನಾ ತಂಬಿಗಿ ಕೇಳಲಿಲ್ಲ," ಎಂದಳು ದುಂಡವ್ವ.

ಕಾಶವ್ವನನ್ನು ಮನೆಗೆ ಕಳಿಸಿದ ದಿನ ನಾನು ಟೆಂಪೋದಲ್ಲಿ ಅವಳ ಜೊತೆಗಿದ್ದೆ. ಹೊಟ್ಟೆಗೆ ಹೊಲಿಗೆ ಹಾಕಿದ್ದರು. ಗುಂಡಿಯಲ್ಲಿ ಗಾಲಿ ಇಳಿದಾಗೆಲ್ಲ ಕಣ್ಣು ಮುಚ್ಚುತ್ತಿದ್ದಳು, ಆದರೆ ಸದ್ದು ಮಾಡಲಿಲ್ಲ. ಅವಳ ಮನೆಯ ಮುಂದೆ ಬಾಳಪ್ಪ ನಿಂತಿದ್ದ, ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ತುಂಬಿದ ತಂಬಿಗೆ. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು.

"ಕೈ ಇಡು," ಎಂದ ಅವನು.

ಅವಳಿಗೆ ಅರ್ಥವಾಗಲಿಲ್ಲ. "ಇವತ್ತು ಯಾರ ಮನಿಗೆ ಒಯ್ಯೂದೈತ್ರಿ? ನನಗ ನಡಿಯಾಕ ಆಗೂದಿಲ್ಲ."

"ಯಾರ ಮನಿಗೂ ಇಲ್ಲ. ನಾ ಕುಡೀತೀನಿ."

ಓಣಿಯಲ್ಲಿ ಗುಜುಗುಜು ಎದ್ದಿತು. ಸೈನಿಕ ಕುಡಿಯುವುದನ್ನು ನಮ್ಮೂರು ಕಂಡಿರಲಿಲ್ಲ. "ಏ ಬಾಳಪ್ಪ, ಕುಡದವ್ರು ಹೊಸ್ತಲಾ ದಾಟಂಗಿಲ್ಲೋ! ನಿನ್ನ ಮನ್ಯಾಗ ನೀನ ಹೋಗಾಕ ಬರಂಗಿಲ್ಲ!" ಎಂದು ಯಾರೋ ಗಂಡಸು ಕೂಗಿ ನಕ್ಕ. ಬಾಳಪ್ಪ ತಿರುಗಿ ನೋಡಲಿಲ್ಲ.

"ತಾಳೂದಿಲ್ರಿ ನಿಮಗ," ಎಂದಳು ಕಾಶವ್ವ.

"ಬಾಂಬ್ ತಾಳೀನಿ."

ಅವಳು ಟೆಂಪೋದ ಅಂಚು ಹಿಡಿದು ಕೆಳಗಿಳಿದಳು. ಆಮೇಲೆ ಎರಡೂ ಅಂಗೈಯನ್ನು ನೀರಿನ ಮೇಲೆ ಕವುಚಿದಳು. ತಂಬಿಗೆಯ ಬಾಯಿಂದ ಸಣ್ಣಗೆ ಹಬೆ ಎದ್ದಿತು. ಅವನು ಒಂದೇ ಉಸಿರಿಗೆ ಕುಡಿದ.

ಮೊದಲು ಊರುಗೋಲು ಬಿತ್ತು. ಆಮೇಲೆ ಅವನು. ಕಟ್ಟೆಯ ಅಂಚು ಹಿಡಿದು ಜಾರಿ ಮಣ್ಣಿನಲ್ಲಿ ಕೂತ, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಹಿಂದೆ ಸೊಂಟದ ಮೇಲೆ. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಹಣೆಯಲ್ಲಿ ಬೆವರು ಸಾಲಾಗಿ ಒಡೆಯಿತು. ನಕ್ಕಿದ್ದ ಗಂಡಸು ಮನೆಯೊಳಗೆ ಹೋದ.

ಕಾಶವ್ವ ಭುಜಗಳನ್ನು ಕೆಳಗಿಳಿಸಿದಳು. ನನ್ನ ಅಂಗಳದಲ್ಲಿ ಅವತ್ತು ಇಳಿಸಿದಂತೆಯೇ. "ಈಕೀಗೆ ಇನ್ನ ನೋವು ತಿಳಿಯಂಗಿಲ್ಲ," ಎಂದು ದುಂಡವ್ವ ತನ್ನ ಕೋಲನ್ನು ಹೊಸ್ತಿಲ ಪಕ್ಕ ಊರಿದಳು. "ಹೊಲಿಗಿ ಮ್ಯಾಲೆ ಕಣ್ಣಿರಬೇಕು. ನಾ ಒಳಗ ಕೂಡ್ರತೀನಿ. ಒಂದ ತಂಬಿಗಿನೂ ಎತ್ತಬ್ಯಾಡ ನೀ, ಮಲಕೋ ನಡಿ."

ಹೊಸ್ತಿಲು ದಾಟುವ ಮೊದಲು ಕಾಶವ್ವ ಹಿಂತಿರುಗಿದಳು. ಬಾಳಪ್ಪ ಕೆಳಗಿನಿಂದ ಅವಳನ್ನು ನೋಡುತ್ತಿದ್ದ. ಬಾಂಬು ಸಿಡಿದಾಗಲೂ ಅವನ ಕಣ್ಣು ಹಾಗೆ ತೆರೆದಿದ್ದವೋ ಇಲ್ಲವೋ.

"ಎರಡು ವರ್ಷ... ಹಿಂಗ ಇತ್ತೇನು?" ಎಂದ.

ಅವಳು ಯೋಚಿಸಿದಳು. ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಬೇಕೆಂಬಂತೆ ಯೋಚಿಸಿದಳು.

"ಇದು ಬರೇ ಇವತ್ತಿನ ದಿನದ್ದರೀ," ಎಂದು ಒಳಗೆ ಹೋದಳು.

ನಾನು ಮನೆಗೆ ಬಂದೆ. ಹೊತ್ತು ಮುಳುಗಿತು. ದೀಪ ಹಚ್ಚಿ ಓಣಿಯ ತಿರುವಿನ ತನಕ ಹೋಗಿ ನಿಂತರೆ ಓಣಿಯಲ್ಲಿ ಒಂದೊಂದೇ ಮನೆ ಬೆಳಗುತ್ತ ಹೋಗುತ್ತಿತ್ತು. ಸುಲೋಚನಾ ವೈನಿಯದು ಹತ್ತಿತು, ಮೇಲಿನ ಓಣಿಯಲ್ಲಿ ಸುಬೇದಾರರದು ಹತ್ತಿತು. ಬಾಳಪ್ಪನ ಮನೆ ಕತ್ತಲಿತ್ತು. ಕಟ್ಟೆಯ ಬುಡದಲ್ಲಿ ಅವನು ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದ. ದೀಪ ಹಚ್ಚು ಎಂದು ಅವನು ಕೂಗಲಿಲ್ಲ. ಒಳಗಿನಿಂದಲೂ ಯಾರೂ ಎದ್ದ ಸದ್ದು ಬರಲಿಲ್ಲ.